ರಿಂಗ್ ಬಾರದ ಬೆಳಿಗ್ಗೆ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದಕ್ಕೆಲ್ಲ ಸಮಜಾಯಿಷಿ ಕೊಡುತ್ತಾ ಕೂರಬೇಕಾಗಿಲ್ಲ. ಹಾರಂಗಿ ಕಡೆಯ ಬಯಲಿನಲ್ಲಿ ಜೋಳ, ಶುಂಠಿ ನೋಡಿಕೊಂಡು ಬೆಳೆದವಳಿಗೆ ತಿತಿಮತಿಯಾಚೆಯ ಎಸ್ಟೇಟ್ ಪಕ್ಕದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ತಿತಿಮತಿಯಲ್ಲಿ ಬಾಡಿಗೆ ಮನೆ. ಅಲ್ಲಿಂದ ಶಾಲೆಗೆ ಆರು ಕಿಲೋಮೀಟರ್. ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ಕಾಫಿ. ಮೊದಲ ವಾರವೇ ಆನೆ ಎದುರಾಗಿ, ಸ್ಕೂಟರನ್ನು ರಸ್ತೆಯಲ್ಲೇ ಕೆಡವಿ ಓಡಿದ್ದೆ.

ಮರುದಿನ ಯಾರದೋ ಜೀಪು ಹತ್ತಿ ಶಾಲೆ ತಲುಪಿದಾಗ, ಬಿಸಿಯೂಟದ ಅಡುಗೆ ಮಾಡುತ್ತಿದ್ದಾಕೆ ನನ್ನ ಮುಖ ನೋಡಿ ಒಂದು ಲೋಟ ಕಾಫಿ ಕೊಟ್ಟಳು. ಶಾಲೆಯ ಹಿಂದಿನ ಲೈನಿನಲ್ಲಿ, ಅಂದರೆ ಎಸ್ಟೇಟ್ ಕೆಲಸದವರ ಸಾಲುಮನೆಯಲ್ಲಿ, ನಮ್ಮ ಶಾಲೆಯಲ್ಲೇ ಓದುತ್ತಿದ್ದ ಮಗಳೊಂದಿಗೆ ಅವಳ ವಾಸ. ಮನೆಮಾತು ತಮಿಳು. ನನಗಿಂತ ಮೂರು ವರ್ಷ ದೊಡ್ಡವಳು, ಹಾಗಾಗಿ ಅಂದಿನಿಂದಲೂ ನನಗೆ ಅಕ್ಕ.

“ದಿನಾ ಬೆಳಿಗ್ಗೆ ನಾನು ನೋಡಿ ಫೋನ್ ಮಾಡ್ತೀನಿ ಟೀಚರ್,” ಎಂದಳು. “ಒಂದು ರಿಂಗ್ ಕೊಟ್ಟು ಕಟ್ ಮಾಡಿದ್ರೆ ಬನ್ನಿ. ಬಿಡದೆ ಹೊಡಕೊಂಡ್ರೆ ಆನೆ ಉಂಟು ಅಂತ, ಎತ್ತಿ ಮಾತಾಡಿ.”

ಆ ಏರ್ಪಾಡು ಹದಿನಾರು ವರ್ಷ ನಡೆಯಿತು. ಏಳೂಕಾಲಿಗೆ ಒಂದು ರಿಂಗ್. ನಾನು ಹೆಲ್ಮೆಟ್ ಹಾಕಿಕೊಂಡು ಹೊರಡುವುದು. ಆನೆ ಬಂದ ಸುದ್ದಿ ತಿಳಿಸಲೆಂದೇ ಊರಿನವರು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡರು. ಅದರಲ್ಲಿ ಬೆಳಗಾದರೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬರುತ್ತದೆ, ಆನೆಯ ಸುದ್ದಿ ಆನೆ ಹೋದ ಮೇಲೆ ಬರುತ್ತದೆ. ನಾನು ನಂಬಿದ್ದು ಅಕ್ಕನ ರಿಂಗನ್ನು ಮಾತ್ರ. ಒಮ್ಮೆ ಸಾಂಬಾರಿನ ಉಪ್ಪಿನ ವಿಷಯಕ್ಕೆ ನಾನು ಮಕ್ಕಳೆದುರೇ ಏನೋ ಅಂದು, ಇಬ್ಬರೂ ಹನ್ನೊಂದು ದಿನ ಮಾತು ಬಿಟ್ಟಿದ್ದೆವು. ಆ ಹನ್ನೊಂದು ದಿನವೂ ಏಳೂಕಾಲಿಗೆ ರಿಂಗ್ ಬಂತು. ನಾನು ಬಿಗುಮಾನದಿಂದಲೇ ಅದನ್ನು ಕೇಳಿಸಿಕೊಂಡು ಸ್ಕೂಟರ್ ಹತ್ತುತ್ತಿದ್ದೆ.

ಹೋದ ವರ್ಷ ಶಾಲೆ ಶುರುವಾದ ಹೊಸತರಲ್ಲಿ, ಹಲಸು ಹಣ್ಣಾಗಿ ಆನೆಗಳು ತೋಟಕ್ಕೆ ಇಳಿಯುವ ದಿನಗಳಲ್ಲಿ, ಒಂದು ಬೆಳಿಗ್ಗೆ ರಿಂಗ್ ಬರಲಿಲ್ಲ.

ಒಂದು ರಿಂಗ್ ಎಂದರೆ ಏನು, ಬಿಡದೆ ಹೊಡೆದರೆ ಏನು ಎಂದು ಮಾತಾಗಿತ್ತು. ಬರದೇ ಇದ್ದರೆ ಏನೆಂದು ಇಬ್ಬರೂ ಮಾತಾಡಿರಲಿಲ್ಲ. ಏಳೂವರೆಯಾಯಿತು. ನಾನೇ ಫೋನ್ ಮಾಡಿದೆ, ಸ್ವಿಚ್ ಆಫ್. ಚಾರ್ಜಿಗೆ ಹಾಕಲು ಮರೆತಿದ್ದಾಳೆ ಎಂದು ಮೊದಲು ಸಿಟ್ಟೇ ಬಂದಿತು. ಎಂಟಕ್ಕೆ ಇನ್ನೂ ಐದು ನಿಮಿಷವಿರುವಾಗ ಸಿಟ್ಟು ಇಳಿಯಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿ, ದಯವಿಟ್ಟು ಲೈನಿಗೆ ಹೋಗಿ ನೋಡಿ ಎಂದು ಬೇಡಿಕೊಂಡೆ. ಹತ್ತು ನಿಮಿಷಕ್ಕೆ ಅವರು ತಿರುಗಿ ಮಾಡಿದರು.

“ಬಾಗ್ಲು ತೆಗೆದೇ ಉಂಟು ಮೇಡಂ. ಒಲೆ ಮೇಲೆ ಅನ್ನ ಉಂಟು. ಅವರು ಇಲ್ಲ. ಪಕ್ಕದವರಿಗೂ ಗೊತ್ತಿಲ್ಲ.”

ಒಲೆ ಮೇಲೆ ಅನ್ನ ಬಿಟ್ಟು ಹೋಗುವ ಹೆಂಗಸಲ್ಲ ಅವಳು. ಹೋಗಬೇಕೆಂದರೆ ದಾರಿಯಲ್ಲಿ ಏನಿದೆಯೋ ಗೊತ್ತಿಲ್ಲ. ಕೂರಬೇಕೆಂದರೆ ಕೂರಲು ಆಗುತ್ತಿಲ್ಲ. ಮನೆಯೊಳಗೆ ಎರಡು ಸಲ ಬೀಗ ಹುಡುಕಿದೆ, ಅದು ಕೈಯಲ್ಲೇ ಇತ್ತು. ಕೊನೆಗೆ ದೇವರ ಮೇಲೆ ಭಾರ ಹಾಕಿ ಸ್ಕೂಟರ್ ಹೊರಡಿಸಿದೆ. ಹದಿನಾರು ವರ್ಷದಲ್ಲಿ ಮೊದಲ ಸಲ ರಿಂಗ್ ಇಲ್ಲದೆ ಆ ರಸ್ತೆಗೆ ಇಳಿದಿದ್ದೆ. ಒದ್ದೆ ಬಂಡೆಗಳೆಲ್ಲ ಆನೆಯಾಗಿ ಕಂಡವು. ಪ್ರತಿ ತಿರುವಿನಲ್ಲೂ ರಸ್ತೆಯ ಮೇಲೆ ಒಂದು ಸೀರೆ ಬಿದ್ದಿರುತ್ತದೆಂದು ಹೆದರಿ, ಬಿದ್ದಿಲ್ಲವೆಂದು ನೋಡಿಕೊಂಡು ಮುಂದೆ ಹೋಗುತ್ತಿದ್ದೆ.

ಐದನೇ ಕಿಲೋಮೀಟರಿನ ಮೋರಿಯ ಹತ್ತಿರ, ರಸ್ತೆಯ ನಟ್ಟನಡುವೆ ಅವಳು ನಿಂತಿದ್ದಳು. ತಲೆಯಿಂದ ಕಾಲಿನವರೆಗೆ ಒದ್ದೆ, ಒಂದು ಕಾಲಿನಲ್ಲಿ ಚಪ್ಪಲಿಯಿಲ್ಲ. ಎರಡೂ ಕೈ ಅಗಲಿಸಿ ನನ್ನನ್ನು ತಡೆದಳು.

“ಮುಂದೆ ಬೇಡ ಟೀಚರ್. ತಿರುವಲ್ಲಿ ಒಂಟಿ ನಿಂತಿದೆ.”

ಇಲ್ಲಿಯವರೆಗೆ ನೋಡಿ ವಾಪಸು ಹೊರಟಾಗ ಆನೆ ಅವಳಿಗೂ ಲೈನಿಗೂ ನಡುವೆ ರಸ್ತೆಗೆ ಇಳಿದಿತ್ತಂತೆ. ಓಡಿ ಬರುವಾಗ ಫೋನು ಮೋರಿಯ ನೀರಿಗೆ ಬಿತ್ತು. ಹಾಗಾಗಿ ನನ್ನನ್ನು ತಡೆಯಲು ಒಂದು ಗಂಟೆಯಿಂದ ಮಳೆಯಲ್ಲಿ ಅಲ್ಲೇ ನಿಂತಿದ್ದಳು. ನನಗೆ ಅಳುವೂ ಬಂತು, ಬೈಗುಳವೂ ಬಂತು. ಬೈಗುಳವೇ ಮೊದಲು ಹೊರಬಿತ್ತು.

“ನಿಂಗೇನ್ ತಲೆ ಕೆಟ್ಟಿತ್ತಾ ಅಕ್ಕ? ಮನೆ ಬಾಗ್ಲಲ್ಲಿ ನಿಂತು ನೋಡೋದ್ ಬಿಟ್ಟು ಇಲ್ಲಿಗ್ಯಾಕೆ ಬಂದೆ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

“ಲೈನಿಂದ ರಸ್ತೆ ಎಲ್ಲಿ ಕಾಣ್ತದೆ ಟೀಚರ್?”

ಅವಳ ಮನೆಯ ಜಗಲಿಯಲ್ಲಿ ನಾನು ಎಷ್ಟು ಸಲ ಕೂತು ಊಟ ಮಾಡಿದ್ದೇನೋ ಲೆಕ್ಕವಿಲ್ಲ. ಜ್ವರ ಬಂದಾಗ ಮೂರು ದಿನ ಅಲ್ಲೇ ಮಲಗಿದ್ದೆ. ಅಲ್ಲಿಂದ ಕಾಣುವುದು ನೀರಿನ ಟ್ಯಾಂಕು, ಅದರಾಚೆ ಕಾಫಿ ಗಿಡ. ಇಷ್ಟೇ. ಇದು ನನಗೆ ಗೊತ್ತಿತ್ತು, ಆದರೂ ಒಂದು ದಿನವೂ ತಲೆಗೆ ಹೊಳೆದಿರಲಿಲ್ಲ. ನನ್ನ ಜೀವಕ್ಕೆ ಅಷ್ಟು ಹೆದರುತ್ತಿದ್ದ ನಾನು ಅವಳು ಹೇಗೆ ನೋಡುತ್ತಾಳೆಂದು ಕೇಳಿಯೇ ಇರಲಿಲ್ಲ.

“ಹಾಗಾದ್ರೆ ದಿನಾ?”

“ದಿನಾ. ಈ ಮೋರಿವರೆಗೆ. ಆನೆ ಹೆಚ್ಚಾಗಿ ದಾಟೋದು ಇಷ್ಟರೊಳಗೇ ಅಲ್ವಾ. ಲದ್ದಿ ಬಿಸಿ ಉಂಟಾ, ಕೊಂಬೆ ಮುರಿದಿದ್ಯಾ ಅಂತ ನೋಡ್ಕೊಂಡು ಹೋಗೋದು.”

ನಾನು ಸ್ಕೂಟರ್ ತಿರುಗಿಸಿ ಅವಳನ್ನು ಹಿಂದೆ ಕೂರಿಸಿಕೊಂಡು ತಿತಿಮತಿಯ ಕಡೆಗೆ ಹೊರಟೆ. ಸ್ವಲ್ಪ ದೂರ ಹೋಗಿ ಮನೆಗಳು ಕಂಡ ಮೇಲೆ ನಿಲ್ಲಿಸಿದೆ. ಮುಂದೆ ಓಡಿಸಲು ಆಗಲಿಲ್ಲ. ನಾಳೆಯಿಂದ ಜೀಪಿನಲ್ಲೇ ಬರುತ್ತೇನೆ, ತಡವಾದರೆ ಆಗಲಿ, ನೀನು ಇನ್ನು ರಸ್ತೆಗೆ ಇಳಿಯಕೂಡದು ಎಂದೆ. ಅವಳು ಆಯಿತೆಂದು ತಲೆಯಾಡಿಸಿದಳು.

“ಇಷ್ಟು ವರ್ಷ ಹೇಳ್ಲಿಲ್ವಲ್ಲಕ್ಕ, ಯಾಕೆ?”

“ಹೇಳಿದ್ರೆ ನೀವು ಟ್ರಾನ್ಸ್‌ಫರ್ ಮಾಡಿಸ್ಕೊಂಡು ಹೋಗಿಬಿಡ್ತಿದ್ರಿ. ನಿಮ್ಮ ಮುಂಚೆ ಬಂದವರೆಲ್ಲ ಹಂಗೇ ಹೋದ್ರು. ಮೊದಲು ಮಗಳ ಓದಿಗೆ ಅಂತ ನೋಡ್ದೆ.” ಒದ್ದೆ ಸೆರಗನ್ನು ಹಿಂಡಿದಳು. “ಅವಳು ಓದು ಮುಗಿಸಿ ಮದುವೆಯಾಗಿ ಹೋದ್ಲು. ಆಮೇಲೆ ನೀವು ನನಗೇ ಬೇಕಾದ್ರಿ.”