ಹಾರ್ನಿನ ರಿಲೇ

ಗಂಡನಿಗೆ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಗೆ ವರ್ಗವಾದ ಮೇಲೆ ನನ್ನ ಕಾರು ಮಾರುವ ಮಾತು ಬಂತು. ಅವರಿಗೆ ಅಲ್ಲಿ ಸಂಸ್ಥೆಯ ಬಸ್ಸು ಉಂಟು, ನಾನು ಕೊಚ್ಚಿಯಲ್ಲೇ ಉಳಿದು ಪಾಲಾರಿವಟ್ಟಂನ ಆಫೀಸಿಗೆ ಮೆಟ್ರೋದಲ್ಲಿ ಹೋಗುವವಳು. "ಕಾರು ಸುಮ್ಮನೆ ನಿಲ್ಲಿಸಿ ಎಂಥ ಮಾಡುವುದು?" ಎಂದರು. "ಮಾರಿ ಮಾರಾಯ್ರೆ, ನನಗೇನು!" ಎಂದುಬಿಟ್ಟೆ. ಮದುವೆಗೆ ಮೊದಲು ನನ್ನ ಸಂಬಳದಲ್ಲಿ ತೆಗೆದ ಕಾರು ಅದು. ಮಾರಲು ಮನಸ್ಸಿಲ್ಲ, ಬಾಯಲ್ಲಿ ಮಾತ್ರ ಜಂಬ.

ವೈಟ್ಟಿಲದವರೊಬ್ಬರು ಭಾನುವಾರ ನೋಡಲು ಬರುವವರಿದ್ದರು. ಆ ಬೆಳಿಗ್ಗೆಯೇ ಕಾರು ಕೈಕೊಟ್ಟಿತು. ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ನಾನು ಬಾನೆಟ್ಟಿಗೊಂದು ಗುದ್ದಿದೆ. ರಜೆಗೆ ಬಂದಿದ್ದ ಗಂಡ ಮಾತ್ರ ಶಾಂತ. ಅವರ ಸಂಸ್ಥೆಯ ಪದ್ಧತಿಯೇ ಹಾಗೆ: ಒಂದು ಸಲಕ್ಕೆ ಒಂದೇ ವಸ್ತು ಬದಲಿಸಬೇಕು, ಕಾದು ನೋಡಬೇಕು, ಆಮೇಲೆ ಇನ್ನೊಂದು. ಸಾರಿಗೆ ಉಪ್ಪು ಹಾಕುವುದೂ ಹೀಗೇ. ನನಗೆ ಮಂಡೆಬಿಸಿ!

"ಕೀ ಅರ್ಧ ತಿರುಗಿಸಿ ಕಿವಿ ಕೊಡು" ಎಂದರು. ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪು ಗುಂಯ್ ಎನ್ನಬೇಕಿತ್ತು, ಎನ್ನಲಿಲ್ಲ. ಫ್ಯೂಸ್ ಸರಿಯಿತ್ತು. ಪಂಪಿಗೆ ಕರೆಂಟು ಬಿಡುವ ಸಣ್ಣ ಕಪ್ಪು ಡಬ್ಬಿ, ಅದೇ ರಿಲೇ, ಹೋಗಿರಬೇಕು ಎಂದರು. ಅಂಗಡಿಗಳೆಲ್ಲ ಬಂದ್. ಅದನ್ನು ಕಿತ್ತು, ಅಲ್ಲಿಗೆ ಹಾರ್ನಿನ ರಿಲೇ ಒತ್ತಿದರು. ಗುಂಯ್! ಒಂದೇ ಸಲಕ್ಕೆ ಸ್ಟಾರ್ಟ್. ನನಗೆ ಅಳು ಬಂತು. ಸರಿಯಾಯಿತೆಂದಲ್ಲ, ಇನ್ನು ಮಾರಿ ಹೋಗುತ್ತದಲ್ಲ ಎಂದು.

ಬಂದವರು ಸೀಟಿನಲ್ಲಿ ಕೂತು ಮೊದಲು ಒತ್ತಿದ್ದೇ ಹಾರ್ನು. ಸದ್ದಿಲ್ಲ. ಗಂಡ ಇದ್ದದ್ದು ಇದ್ದ ಹಾಗೆ ಹೇಳಿದರು. ಬಂದವರು ಕೆಳಗಿಳಿದರು. "ವೇಂಡ ಚೇಚಿ, ಬೇಡ ಅಕ್ಕ. ವೈಟ್ಟಿಲದ ಟ್ರಾಫಿಕ್ಕಿನಲ್ಲಿ ಬ್ರೇಕ್ ಇಲ್ಲದೆ ಬದುಕಬಹುದು, ಹಾರ್ನ್ ಇಲ್ಲದೆ ಆಗುವುದಿಲ್ಲ. ಇವತ್ತು ಇದು, ನಾಳೆ ಇನ್ನೆಂಥದೋ." ಅವರು ಗೇಟು ದಾಟುವವರೆಗೆ ನಾನು ನಗು ತಡೆದುಕೊಂಡೆ.

ಮರುದಿನ ಗಂಡ ತಿರುವನಂತಪುರಕ್ಕೆ ಹೋದರು. ಸಂಜೆ ಹೊಸ ರಿಲೇ ತಂದು ನಾನೇ ಹಾಕಲು ಕೂತೆ. ಹಾರ್ನಿನ ಜಾಗದ ಪಕ್ಕದಲ್ಲೇ ಇನ್ನೊಂದು, ಅದೇ ಅಳತೆಯದು: ಮಂಜಿನ ಲೈಟಿನ ರಿಲೇ. ಕೊಚ್ಚಿಯಲ್ಲಿ ಎಲ್ಲಿಯ ಮಂಜು ಮಾರಾಯ್ರೆ! ಕೂಡಲೇ ಫೋನು ಮಾಡಿದೆ.

"ಮಂಜಿನ ಲೈಟಿನದ್ದು ತೆಗೆಯಬಹುದಿತ್ತಲ್ಲ? ಅವರಿಗೆ ಗೊತ್ತೇ ಆಗುತ್ತಿರಲಿಲ್ಲ!"

"ಗೊತ್ತಾಗುತ್ತಿರಲಿಲ್ಲ, ಕೊಂಡು ಹೋಗುತ್ತಿದ್ದರು" ಎಂದರು. "ನಿನ್ನ ಮುಖ ನೋಡಿಯೇ ಅದನ್ನು ಮುಟ್ಟಲಿಲ್ಲ ಮಾರಾಯ್ತಿ."