ಉಸ್ತಾದರಿಗೆ ಬಗ್ಗದ ಬೀಗ

ನನ್ನ ಹೆಂಡತಿ ಗಂಗಾ ಚಾವಿಯಿಲ್ಲದೆ ಬೀಗ ತೆಗೆಯುತ್ತಾಳೆ. ಇದನ್ನು ಲಿಂಗಸುಗೂರಿನ ನಮ್ಮ ಓಣಿಯಲ್ಲಿ ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ಮರುದಿನವೇ ಯಾರದೋ ಮನೆಯ ಬೆಳ್ಳಿ ಲೋಟ ಕಾಣೆಯಾಗಿ, ಎಲ್ಲರೂ ನಮ್ಮ ಬಾಗಿಲ ಕಡೆ ನೋಡುತ್ತಾರೆ. ಅವಳು ತಾಲೂಕು ಪಂಚಾಯಿತಿಯಲ್ಲಿ ಗುಮಾಸ್ತೆ. ನಾನು ದೊಡ್ಡಬಸಪ್ಪ, ಹೈಸ್ಕೂಲಿನ ಪಿ.ಟಿ. ಮಾಸ್ತರ.

ಸಂಜೆ ಕಚೇರಿಯಿಂದ ಬಂದು ಚಹಾ ಕುಡಿದಳೆಂದರೆ ಮಡಿಲಲ್ಲಿ ಟವೆಲ್ ಹಾಸಿ, ಅದರ ಮೇಲೆ ಬೀಗವಿಟ್ಟು, ಕಣ್ಣು ಮುಚ್ಚಿ ಕೂಡುತ್ತಾಳೆ. ಎಡಗೈಯಲ್ಲಿ ಬಗ್ಗಿಸಿದ ತೆಳು ಪಟ್ಟಿ, ಬಲಗೈಯಲ್ಲಿ ಛತ್ರಿಯ ಕಡ್ಡಿ ತಿಕ್ಕಿ ಮಾಡಿದ ಕೊಕ್ಕೆ. ಬೀಗದ ಹೊಟ್ಟೆಯೊಳಗೆ ಸಾಲಾಗಿ ಐದಾರು ಪಿನ್ನು, ಒಂದೊಂದರ ಬೆನ್ನಿಗೂ ಒಂದು ಸ್ಪ್ರಿಂಗು. ಪಟ್ಟಿಯಿಂದ ಹಗುರಾಗಿ ತಿರುವಿ ಹಿಡಿದು, ಕೊಕ್ಕೆಯಿಂದ ಒಂದೊಂದೇ ಪಿನ್ನು ಎತ್ತಬೇಕು. ಸರಿಯಾದ ಎತ್ತರಕ್ಕೆ ಬಂದದ್ದು ಟಿಕ್ ಎಂದು ನಿಲ್ಲುತ್ತದೆ. ಎಲ್ಲವೂ ನಿಂತರೆ ಬೀಗ ತಿರುಗುತ್ತದೆ. ಹೇಳುವುದಕ್ಕೆ ಇಷ್ಟೇ. ನಾನೂ ಒಮ್ಮೆ ಕೈ ಹಾಕಿದೆ. ಪಟ್ಟಿ ಮುರಿಯಿತು, ಅವಳು ಮೂರು ದಿನ ಮಾತು ಬಿಟ್ಟಳು.

ಕಲಿಸಿದವರು ಸಿಂಧನೂರಿನ ಉಸ್ಮಾನ್‌ಸಾಬ್. ಬಸ್‌ಸ್ಟ್ಯಾಂಡಿನ ಹತ್ತಿರ ಅವರದು ಚಾವಿ ಮಾಡುವ ಡಬ್ಬಾ ಅಂಗಡಿ. ಆರು ವರ್ಷದ ಹಿಂದೆ ನಾವು ಆ ಊರಲ್ಲಿದ್ದಾಗ ಮನೆಯ ಚಾವಿಯನ್ನು ನಾನು ಶಾಲೆಯ ಮೈದಾನದಲ್ಲಿ ಕಳೆದಿದ್ದೆ. ಉಸ್ಮಾನ್‌ಸಾಬ್ ಬಂದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತರು, ಎರಡು ನಿಮಿಷದಲ್ಲಿ ಬೀಗ ತೆಗೆದು ಕೈಗಿಟ್ಟರು. ನಾನು ಚಹಾ ಹೇಳಿ ಬರುವಷ್ಟರಲ್ಲಿ ಗಂಗಾ ಅವರೆದುರು ನೆಲದ ಮೇಲೇ ಕುಳಿತುಬಿಟ್ಟಿದ್ದಳು.

"ಹೆಂಗ ಮಾಡಿದ್ರಿ? ಇನ್ನೊಮ್ಮೆ ತೋರ್ಸ್ರಿ," ಎನ್ನುತ್ತಿದ್ದಳು.

ಅವರು ತೋರಿಸಿದರು. ಕಲಿಸುವ ಮುಂಚೆ ಎರಡು ಮಾತಿಗೆ ಆಣೆ ಮಾಡಿಸಿಕೊಂಡರು. ಬೇರೆಯವರ ಬಾಗಿಲಿಗೆ ಹಾಕಿದ ಬೀಗ ಮುಟ್ಟಬಾರದು. ಸೋತಾಗ ಸೋತೆ ಎನ್ನಬೇಕು. ಅಂದಿನಿಂದ ಅವರು ಉಸ್ತಾದ್, ಇವಳು ಶಾಗಿರ್ದ್. ನಮಗೆ ಲಿಂಗಸುಗೂರಿಗೆ ವರ್ಗವಾದ ಮೇಲೂ ಪಾಠ ನಿಲ್ಲಲಿಲ್ಲ. ಉಸ್ತಾದರು ಪಿನ್ನು ಬದಲಿಸಿದ ಬೀಗವೊಂದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುವರು, ಅದು ಮಸ್ಕಿ ದಾಟಿ ನಮ್ಮೂರಿಗೆ ಬರುವುದು. ಇವಳು ತೆಗೆದು, ತೆರೆದ ಬೀಗವನ್ನು ಅದೇ ದಾರಿಯಲ್ಲಿ ವಾಪಸು ಕಳಿಸುವಳು.

ಈ ವರ್ಷ ಮೊದಲ ಸಲ ಆಟ ತಿರುಗಿತು. ಉಸ್ತಾದರಿಗಾಗಿ ಗಂಗಾ ತಾನೇ ಒಂದು ಹಿತ್ತಾಳೆ ಬೀಗ ಸಜ್ಜು ಮಾಡಿದಳು. ಅದರ ನಾಲ್ಕನೇ ಪಿನ್ನಿನ ನಡುವನ್ನು ಅರದಿಂದ ಸವೆಸಿ ಡಮರುವಿನಂತೆ ಮಾಡಿದಳು. ಅಂಥ ಪಿನ್ನು ನಿಲ್ಲದೆಯೇ ನಿಂತೆ ಎಂದು ಸುಳ್ಳು ಹೇಳುತ್ತದಂತೆ. ಮಹಾನವಮಿಯ ಹಿಂದಿನ ದಿನ ಬೀಗ ಮುಗಿಯಿತು, ಹಬ್ಬದ ಮರುದಿನ ಬಸ್ಸು ಹತ್ತಿತು. ಚಾವಿ ಇವಳ ಹತ್ತಿರವೇ ಉಳಿಯಿತು.

ವಾರವಾಯಿತು, ತಿಂಗಳಾಯಿತು. "ಇನ್ನೂ ಬಗ್ಗವಲ್ದು ಗಂಗವ್ವ," ಎಂದು ಉಸ್ತಾದರ ಫೋನು. ಗಂಗಾ ನೆಲದ ಮೇಲೆ ನಿಲ್ಲಲಿಲ್ಲ. ಒಂದು ಭಾನುವಾರ ಯಾವ ಹಬ್ಬವೂ ಇಲ್ಲದೆ ಶೇಂಗಾ ಹೋಳಿಗೆ ಮಾಡಿದಳು. ನಾನಂತೂ ಕುಸ್ತಿ ಗೆದ್ದವರ ಕಡೆಯವನ ಹಾಗೆ ಓಡಾಡಿದೆ.

ಡಿಸೆಂಬರಿನಲ್ಲಿ ಬೀಗ ತೆರೆಯದೆ, ಹಾಕಿದಂತೆಯೇ ವಾಪಸು ಬಂತು. ಜೊತೆಗೆ ಹಳೇ ಬಟ್ಟೆಯಲ್ಲಿ ಸುತ್ತಿದ ಉಸ್ತಾದರ ಕೊಕ್ಕೆ, ಪಟ್ಟಿ, ಅರಗಳು, ನಲವತ್ತು ವರ್ಷ ಅವರ ಕೈಯಲ್ಲಿ ಸವೆದವು. ಒಂದು ಚೀಟಿಯೂ ಇತ್ತು: "ಸೋತೆ. ನನ್ನ ಬೆರಳು ಹೋದವು. ಹೊಸ ವರ್ಷಕ್ಕೆ ಅಂಗಡಿ ಬಂದ್. ಇವು ಇನ್ನು ನಿನ್ನವು."

ಗಂಗಾ ಫೋನು ಮಾಡಿದರೆ ಎತ್ತಿದವರು ಅವರ ಹೆಂಡತಿ ಇಮಾಮ್‌ಬೀ. "ಏನ್ ಹೇಳ್ಲೆವ್ವ, ಬೆರಳು ನೋಡ್ಕೋತ ಕುಂತಾರ. ಗಿರಾಕಿ ಬಂದ್ರ, ನನ್ನ ಕೈಲಿ ಆಗಂಗಿಲ್ಲ ಅಂತ ತಿರುಗಿ ಕಳಿಸಾಕತ್ತಾರ."

ಗಂಗಾ ಫೋನಿಟ್ಟಳು. ಆಮೇಲೆ ಉಸ್ತಾದರ ಕೊಕ್ಕೆ ತೆಗೆದುಕೊಂಡು ತನ್ನದೇ ಬೀಗಕ್ಕೆ ಹಚ್ಚಿದಳು. ಅರ್ಧ ಗಂಟೆಯಾದರೂ ಒಂದು ಪಿನ್ನೂ ಅಲುಗಲಿಲ್ಲ. ಎದ್ದು ಚಾವಿ ತಂದು ಹಾಕಿದಳು. ಚಾವಿಗೂ ಬೀಗ ತಿರುಗಲಿಲ್ಲ. ಕೊಕ್ಕೆಯ ತುದಿ ನೋಡಿದಳು, ಮೂಸಿದಳು, ನನ್ನ ಕಡೆ ತಿರುಗಿದಳು.

"ಏನ್ರೀ, ಇದು ಕುಂಕುಮ ಅಲ್ಲ?"

ಅದು ನನ್ನದೇ ಕೆಲಸ. ಆಯುಧ ಪೂಜೆಯನ್ನು ನಾನು ಕಾಟಾಚಾರಕ್ಕೆ ಮಾಡುವವನಲ್ಲ. ಬೈಕು, ಮಿಕ್ಸರು, ಈಳಿಗೆ, ನನ್ನ ಸೀಟಿ, ಎಲ್ಲಕ್ಕೂ ಪೂಜೆ ಮಾಡಿದ್ದೆ. ಮೇಜಿನ ಮೇಲೆ ಬೀಗ ಕಂಡಿತ್ತು. ಯಂತ್ರವಲ್ಲವೇ ಎಂದು ಮೊದಲು ಕುಸುಬಿ ಎಣ್ಣೆ ಬಿಟ್ಟೆ. ಆಮೇಲೆ ವಿಭೂತಿ, ಅರಿಷಿಣ, ಕುಂಕುಮ. ಹೊರಗೆ ಹಚ್ಚಿದ್ದು ಅಳಿಸಿಹೋದೀತೆಂದು ಚಾವಿ ಹಾಕುವ ಕಿಂಡಿಯಲ್ಲಿ ಬೆರಳಿನಿಂದ ಒತ್ತಿ ತುಂಬಿದೆ. ಹೊರಮೈಯನ್ನು ಅವಳು ಕಳಿಸುವಾಗ ಒರೆಸಿದ್ದಾಳೆ, ಒಳಗಿನದು ಒಳಗೇ ಉಳಿದಿದೆ. ಕುಸುಬಿ ಎಣ್ಣೆ ನಾಲ್ಕು ದಿನ ಗಾಳಿಗೆ ಬಿಟ್ಟರೆ ಅಂಟಾಗುತ್ತದೆ. ಎರಡು ತಿಂಗಳಿಗೆ ಏನಾಗಬೇಡ!

"ಕಬ್ಬಿಣದ ಸಾಮಾನಿಗೆಲ್ಲಾ ಮಾಡ್ತಾರಲ್ಲ ಅಂತ..." ಎಂದೆ.

"ಅದು ಹಿತ್ತಾಳಿ ರೀ!"

ನಾನು ಇನ್ನೂ ಒಂದು ತಪ್ಪು ಮಾಡಿದೆ. "ತೊಳದು ಸುಮ್ನ ಇಟ್ಟುಬಿಡು. ಗೆದ್ದದ್ದು ಗೆದ್ದಂಗ ಇರ್ಲಿ," ಎಂದುಬಿಟ್ಟೆ. ಅವಳು ನನ್ನನ್ನು ನೋಡಿದ ರೀತಿಗೆ ನಾನು ನಾಚಿ ನೀರಾದೆ.

"ನಾ ಎಲ್ಲಿ ಗೆದ್ದೀನ್ರಿ? ಅವ್ರು ತಮ್ಮ ಬೆರಳು ಹೋದ್ವು ಅಂತ ತಿಳ್ಕೊಂಡಾರ. ನಡೀರಿ, ನೀವೇ ಬಂದು ಹೇಳ್ರಿ."

ಮರುದಿನ ಇಬ್ಬರೂ ರಜೆ ಹಾಕಿ ಸಿಂಧನೂರಿಗೆ ಹೊರಟೆವು. ಮಸ್ಕಿಯಲ್ಲಿ ಬಸ್ಸು ನಿಂತಾಗ ನಾನು ಮಿರ್ಚಿ ಕೂಡ ಕೊಳ್ಳಲಿಲ್ಲ. ಹೇಳಬೇಕಾದ್ದನ್ನು ಸಾಲು ಕಟ್ಟಿಕೊಂಡು ಹೋಗಿದ್ದೆ. ಉಸ್ಮಾನ್‌ಸಾಬರ ಅಂಗಡಿಯ ತಗಡಿನ ಬಾಗಿಲು ಅರ್ಧ ಇಳಿಸಿದ್ದನ್ನು ಕಂಡು ಎಲ್ಲವನ್ನೂ ಮರೆತು, ಒಂದೇ ಉಸಿರಿನಲ್ಲಿ ಒಪ್ಪಿಕೊಂಡೆ.

ಅವರು ಬೀಗವನ್ನು ಮೂಗಿಗೆ ಹಿಡಿದರು. "ಕೊಕ್ಕಿಗೆ ಹತ್ತಿದ ಕೆಂಪು ಸ್ಪ್ರಿಂಗಿನ ತುಕ್ಕು ಅಂತ ತಿಳ್ಕೊಂಡಿದ್ದೆ. ಕುಸುಬಿ ಎಣ್ಣಿ?"

"ಹೌದ್ರಿ."

"ಊದಿನಕಡ್ಡಿನೂ ಬೆಳಗಿದ್ರೇನು ಮಾಸ್ತರ್?"

"ಬೆಳಗಿದ್ದೆರೀ. ಕಾಯಿನೂ ಒಡದಿದ್ದೆ."

ಕೆಮ್ಮು ಬರುವವರೆಗೂ ನಕ್ಕರು. ನಗುತ್ತಲೇ ಪೆಟ್ರೋಲು ತರಿಸಿ ಬೀಗ ಅದ್ದಿದರು, ಕೊಡವಿದರು, ಮತ್ತೆ ಅದ್ದಿದರು. ಕೆಂಪು ನೀರು ಇಳಿದು ತಿಳಿಯಾಯಿತು. ಗಂಗಾ ಚಾವಿ ಹಾಕಿ ನೋಡಿದಳು, ಸಲೀಸಾಗಿ ತಿರುಗಿತು. ಬೀಗ ಒತ್ತಿ ಹಾಕಿ, ಅವರದೇ ಕೊಕ್ಕೆ, ಪಟ್ಟಿಗಳ ಬಟ್ಟೆಯ ಸುರುಳಿ ಬಿಚ್ಚಿ ಅವರ ಮುಂದೆ ಇಟ್ಟಳು.

ಅವರ ನಗು ನಿಂತಿತು. ಕುಂಕುಮವಿಲ್ಲದ ಬೀಗವೂ ಬಗ್ಗದಿದ್ದರೆ? ಅದೇ ಮಾತು ನನ್ನ ತಲೆಯಲ್ಲೂ ಇತ್ತು, ಗಂಗಾಳ ಮುಖದಲ್ಲೂ ಇತ್ತು. ಅವರು ಕೊಕ್ಕೆ ಎತ್ತಿಕೊಂಡು ತುದಿಯನ್ನು ಅಂಗಿಗೆ ಒರೆಸಿದರು. ಕಿಂಡಿಯೊಳಗೆ ಇಳಿಸಿದರು. ಕಣ್ಣು ಮುಚ್ಚಿದರು. ಒಂದು ಟಿಕ್, ಇನ್ನೊಂದು. ಬೀಗ ಅರೆ ತಿರುಗಿ ನಿಂತುಬಿಟ್ಟಿತು. ನನ್ನ ಚಹಾ ಮುಗಿಯಿತು, ಅವರದು ಕೆನೆಗಟ್ಟಿತು. ಆಗ ಎಡಗೈಯನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟರು. ಬೀಗ ತುಸು ಹಿಂದಕ್ಕೆ ಸರಿಯಿತು, ಟಿಕ್ ಎಂದಿತು, ತೆರೆದುಕೊಂಡಿತು.

"ನಾಲ್ಕನೇದು ಸುಳ್ಳು ಹೇಳಾಕತ್ತಿತ್ತು," ಎಂದರು ಕಣ್ಣು ತೆರೆಯದೆ. "ನಡು ನೀನೇ ಸವಿಸಿದಿ ಏನು?"

"ಹೌದ್ರಿ ಉಸ್ತಾದ್. ಹನ್ನೊಂದು ಪಿನ್ನು ಕೆಡಿಸಿ, ಹನ್ನೆರಡನೇದು ಅದು."

"ಭಾಳ ಚಲೋ ಸುಳ್ಳು ಗಂಗವ್ವ. ನನ್ನನ್ನೂ ನಂಬಿಸಿಬಿಟ್ಟಿತ್ತು."

ಗಂಗಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ, ಎರಡೂ ಇತ್ತು. ನೌಕರಿಯ ಆದೇಶ ಬಂದ ದಿನವೂ ನಾನು ಅವಳನ್ನು ಅಷ್ಟು ಸಂತೋಷದಲ್ಲಿ ಕಂಡಿರಲಿಲ್ಲ. ನಾನು ಖಾಲಿ ಲೋಟದಿಂದ ಇನ್ನೊಂದು ಗುಟುಕು ಕುಡಿದೆ.

ಹೊರಗೆ ಒಬ್ಬ ಹೆಂಗಸು ಟ್ರಂಕಿನ ಬೀಗ ಹಿಡಿದು, ಅರ್ಧ ಇಳಿದ ತಗಡು ನೋಡಿ ತಿರುಗಿ ಹೊರಟಿದ್ದಳು. ಉಸ್ಮಾನ್‌ಸಾಬ್ ಎದ್ದು ಎರಡೂ ಕೈಯಿಂದ ಬಾಗಿಲನ್ನು ಪೂರಾ ಮೇಲೆತ್ತಿದರು.

"ಎಲ್ಲಿಗೆ ಹೊಂಟಿಯವ್ವ?" ಎಂದು ಕೂಗಿದರು. "ತಾ ಇಲ್ಲಿ, ನೋಡೂಣು."