ಸೋಫಾದ ಸರಳಿನ ಗುರುತು

ವೇಣಿ, ನಿನ್ನನ್ನು ಆ ಗಂಡನ ಕೈಗೆ ವಾಪಸು ಕೊಟ್ಟವಳು ನಾನು, ನಿನ್ನ ಅಣ್ಣನಲ್ಲ. ಒಂಬತ್ತು ವರ್ಷಗಳಿಂದ ನೀನು ಅವರ ಮುಖ ನೋಡಿಲ್ಲ. ನೋಡಬಾರದಾಗಿದ್ದದ್ದು ಈ ಅತ್ತಿಗೆಯ ಮುಖವನ್ನು. ನಿನ್ನ ಬೆನ್ನಿನ ಬಾಸುಂಡೆ ಬೆಲ್ಟಿನದು ಎಂದು ಗೊತ್ತಿದ್ದೂ, ಅದು ನಮ್ಮ ಸೋಫಾದ ಸರಳು ಒತ್ತಿದ್ದು ಎಂದು ನಿನ್ನ ಗಂಡನ ಕಡೆಯ ಹಿರಿಯರೆದುರು ಹೇಳಿದೆ — ಚಹಾದ ತಟ್ಟೆ ಹಿಡಿದುಕೊಂಡು, ನಗುತ್ತ.

ಆ ಸೋಫಾ ನೀನು ಮರೆತಿರಲಾರೆ. ನೇವಿಯವರೊಬ್ಬರು ಕಾರವಾರದಿಂದ ವರ್ಗವಾಗಿ ಹೋಗುವಾಗ ಅಗ್ಗಕ್ಕೆ ಬಿಟ್ಟುಹೋದ ಸೋಫಾ-ಕಮ್-ಬೆಡ್. ಎಳೆದು ಬಿಚ್ಚಿದರೆ ಹಾಸಿಗೆ. ಆದರೆ ನಟ್ಟನಡುವೆ ಒಂದು ಕಬ್ಬಿಣದ ಸರಳು, ಮಲಗಿದವರ ಸೊಂಟ ಮುರಿಯಲಿಕ್ಕೇ ಇಟ್ಟ ಹಾಗೆ. ನಮ್ಮ ಮಗಳನ್ನು ಹೆಣ್ಣು ನೋಡಲು ಹೊನ್ನಾವರದವರು ಶನಿವಾರ ಬಂದು ರಾತ್ರಿ ಉಳಿಯುವವರಿದ್ದರು. ಎರಡು ಕೋಣೆಯ ಮನೆಯಲ್ಲಿ ಅವರಿಗೆ ಅದೇ ಗತಿ. ಹೊಸ ಗಾದಿ ತರುವ ತಾಕತ್ತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ — ನಮ್ಮಲ್ಲಿ ಕಾಲು ಚಾಚುವುದಿರಲಿ, ಬೆನ್ನು ಊರುವುದೇ ಕಷ್ಟವಾಗಿತ್ತು.

ನೀನು ಬಂದದ್ದು ಆ ವಾರದ ಸೋಮವಾರ. ಹಾರವಾಡದ ಗಂಡನ ಮನೆಯಿಂದ ಒಂದು ಪ್ಲಾಸ್ಟಿಕ್ ಚೀಲ ಹಿಡಿದು, ತುಟಿ ಒಡೆದುಕೊಂಡು. ರವಿಕೆ ಕಳಚಿ ಬೆನ್ನು ತೋರಿಸಿದೆ. ಎರಡು ಬೆರಳಗಲದ ಕಪ್ಪು ಪಟ್ಟೆಗಳು. ಬಕಲ್ ಕಚ್ಚಿದಲ್ಲಿ ಚರ್ಮ ಕಿತ್ತು ಬಂದಿತ್ತು. ಅದಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದ್ದು ಇದೇ ಕೈ.

ನನ್ನ ಪರದಾಟ ನೋಡಿ ಉಪಾಯ ಹೇಳಿದವಳೂ ನೀನೇ. ಬಡಗಿಯ ಅಂಗಡಿಯಲ್ಲಿ ಉಳಿದಿದ್ದ ಪ್ಲೈವುಡ್ ತುಂಡು ತಂದು ಸರಳಿನ ಮೇಲೆ ಹಾಸಿದೆವು. ಎರಡು ಗಾದಿ ಕೂಡುವ ಸಂದಿಗೆ ಹಳೆಯ ಸೀರೆ ಸುರುಳಿ ಸುತ್ತಿ ತುರುಕಿದೆವು. ಉಳಿದ ನೂಲಿನ ಸೀರೆಗಳನ್ನು ಪದರ ಪದರವಾಗಿ ಇಟ್ಟು ನೀನು ಎರಡು ದಿನ ಗೋದಡಿ ಹೊಲಿದೆ, ಜಾರದ ಹಾಗೆ ನಾಲ್ಕು ಮೂಲೆಗೂ ಲಾಡಿ ಇಟ್ಟೆ. ಬಗ್ಗಿದರೆ ಬೆನ್ನು ಬಿರಿಯುತ್ತಿತ್ತು ನಿನಗೆ, ಆದರೂ —

"ಮನಿಕಂಡ್ ನೋಡಿ ಅತ್ಗೆ, ಸರಳು ಇದ್ದದ್ದೇ ಗೊತ್ತಾಗೂದಿಲ್ಲ."

ಮಲಗಿ ನೋಡಿದೆ. ಗೊತ್ತಾಗಲಿಲ್ಲ. ಆದ್ದರಿಂದ, ತಿಳಿಯದೆ ಬಾಯಿ ತಪ್ಪಿತು ಎಂದು ಹೇಳುವ ದಾರಿ ನನಗಿಲ್ಲ.

ಆ ಹಾಸಿಗೆಯ ಮೇಲೆ ನೀನು ಮೈಮರೆತು ನಿದ್ದೆ ಹೋದದ್ದು ಕಂಡು ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಇವಳಿನ್ನು ಈ ಮನೆ ಬಿಟ್ಟು ಏಳುವುದಿಲ್ಲ ಅನಿಸಿತು. ಹುಡುಗಿಯ ಸೋದರತ್ತೆ ಗಂಡನನ್ನು ಬಿಟ್ಟು ಬಂದು ಕೂತಿದ್ದಾಳೆಂದು ಹೊನ್ನಾವರದವರಿಗೆ ಗೊತ್ತಾದರೆ... ಗುರುವಾರ ನಿನ್ನ ಗಂಡನಿಗೆ ಫೋನು ಮಾಡಿದೆ. ಹೌದು, ಅವನಾಗಿ ಬಂದದ್ದಲ್ಲ, ನಾನು ಕರೆಸಿದ್ದು. ಇದನ್ನು ಬಚ್ಚಿಟ್ಟರೆ ಈ ಪತ್ರವೂ ಸುಳ್ಳಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆಂದು ಕೈಗಾ ಸ್ಥಾವರದ ಬಸ್ಸಿಗೆ ಹೊರಡುವಾಗ ನಿನ್ನ ಅಣ್ಣ ನನಗೆ ಹೇಳಿದ್ದು ಇಷ್ಟೇ: "ಅಂವ ಬಂದ್ರೆ ಬಾಗ್ಲ ತೆಗೀಬ್ಯಾಡ. ನಾ ಬಂದ್ಮೇಲೇ ಮಾತು." ಬಸ್ಸು ಹೋಗಿ ಎರಡು ತಾಸಿಗೆ ನಾನು ಬಾಗಿಲು ತೆಗೆದೆ. ನಿನ್ನ ಗಂಡ, ಜೊತೆಗೆ ಅವನ ಕಡೆಯ ಇಬ್ಬರು ಹಿರಿಯರು. ನೀನು ಬಚ್ಚಲಲ್ಲಿದ್ದೆ. ಹಿರಿಯರಲ್ಲಿ ಒಬ್ಬರು ನೇರವಾಗಿಯೇ ಕೇಳಿದರು.

"ಬೆನ್ ಮೇಲೆ ಬಾಸುಂಡೆ ಅದೆ ಅಂತ ಸುದ್ದಿ. ಹೌದನಾ ತಂಗಿ? ಹೌದಾದ್ರೆ ನಾವು ಕರ್ಕಂಡ್ ಹೋಗೂದಿಲ್ಲ."

ಹೌದು ಎಂಬ ಒಂದು ಮಾತು ಸಾಕಿತ್ತು.

"ಅದಾ? ನಮ್ಮನೆ ಸೋಫಾದ ಸರಳ ಒತ್ತಿದ್ ಗುರ್ತು" ಅಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ನೀನು ಕಟ್ಟಿದ ಲಾಡಿ ಬಿಚ್ಚಿ, ಗೋದಡಿ ಎತ್ತಿ, ಪ್ಲೈವುಡ್ ಸರಿಸಿ ಸರಳನ್ನೂ ತೋರಿಸಿದೆ. ಅವರು ಕೈಯಾಡಿಸಿ ನೋಡಿ, ತಲೆಯಾಡಿಸಿ, ರಿಕ್ಷಾ ತಿರುಗಿಸಲು ಹೇಳುತ್ತೇವೆಂದು ಕೆಳಗಿಳಿದರು.

ನೀನು ಒದ್ದೆ ಕೂದಲಲ್ಲಿ ಹೊರಗೆ ಬಂದೆ. ಅವನನ್ನು ಕಂಡು ನನ್ನ ಕಡೆ ತಿರುಗಿದೆ.

"ಅತ್ಗೆ, ಅಣ್ಣ ಯಂತಾ ಹೇಳ್ದ?"

"ಕಳ್ಸು ಅಂದ್ರು."

ಅವನು ನಿನ್ನ ಕೂದಲನ್ನು ಮುಂಗೈಗೆ ಸುತ್ತಿಕೊಂಡು ಎಳೆದ. ನೀನು ಮುಗ್ಗರಿಸಿ ಬಿದ್ದೆ, ಅವನು ಹೊಟ್ಟೆಗೆ ಒದ್ದ, ನೀನು ಎದ್ದು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆ ಬೆರಳುಗಳನ್ನು ಒಂದೊಂದಾಗಿ ಕಿತ್ತು ಬಿಡಿಸಿದ ಕೈ ಅವನದೆಂದು ನೀನು ತಿಳಿದಿರಬಹುದು. ಅವನ ಎರಡೂ ಕೈ ನಿನ್ನ ಕೂದಲಲ್ಲಿದ್ದವು, ವೇಣಿ. ಕಿರುಬೆರಳು ಕೊನೆಗೆ ಬಿಟ್ಟಿತು. ಬಾಗಿಲು ಹಾಕಿ ಚಿಲಕ ಸೇರಿಸಿದೆ. ಮೆಟ್ಟಿಲ ಕಂಬಿಗೆ ನಿನ್ನ ತಲೆ ಬಡಿದ ಸದ್ದು ಒಳಗೆ ಕೇಳಿತು, ಮತ್ತೊಮ್ಮೆಯೂ ಕೇಳಿತು. ನಾನು ಗೋದಡಿ ಮತ್ತೆ ಹಾಸಿ ಲಾಡಿ ಕಟ್ಟುತ್ತಿದ್ದೆ.

ಮರುದಿನ ಹೊನ್ನಾವರದವರು ಬಂದರು. ಭಾನುವಾರ ಬೆಳಿಗ್ಗೆ ಹುಡುಗನ ತಾಯಿ, "ಎಷ್ಟ್ ಚಲೋ ನಿದ್ದೆ ಬಂತ್ರೀ" ಅಂದರು. ಸಂಬಂಧ ಕೂಡಿಬಂತು. ಮಗಳು ಸುಖವಾಗಿದ್ದಾಳೆ. ಪಾಪಕ್ಕೆ ಕೂಡಲೇ ಶಿಕ್ಷೆಯಾಗುತ್ತದೆ ಎನ್ನುವವರು ನನ್ನನ್ನು ನೋಡಬೇಕು.

ಶಿಕ್ಷೆ ನಿನಗಾಯಿತು. ಅದೇ ತಿಂಗಳು ಅವನು ಒನಕೆಯಿಂದ ನಿನ್ನ ಎಡ ಮೊಣಕೈ ಜಜ್ಜಿದ. ಅಣ್ಣ ಆಸ್ಪತ್ರೆಗೆ ಓಡಿ ಬಂದಾಗ ನೀನು ಗೋಡೆಯ ಕಡೆ ಹೊರಳಿಕೊಂಡೆ. ಯಾಕೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. "ಅವಳಾಗಿಯೇ ಗಂಡನ ಜೊತೆ ಹೋದಳು, ನಿಮ್ಮ ಮನೆ ಸಹವಾಸವೇ ಬೇಡ ಅಂದಳು" ಎಂದು ಅವರಿಗೆ ನಾನು ಹೇಳಿದ್ದೆ. ಕಡೆಗೆ ನೀನು ಅವನನ್ನು ಬಿಟ್ಟು ಅಂಕೋಲೆಯಲ್ಲಿ ಬಾಡಿಗೆ ಕೋಣೆ ಹಿಡಿದಾಗಲೂ ಅಣ್ಣನಿಗೆ ಹೇಳಿ ಕಳಿಸಲಿಲ್ಲ. ಪ್ರತಿ ಚೌತಿಗೂ ಅವರು ಒಂದು ಸೀರೆ ತಂದು ಕಪಾಟಿನಲ್ಲಿಡುತ್ತಾರೆ. ಒಂಬತ್ತು ಸೀರೆಗಳಿವೆ.

ಹೋದ ವಾರ ಅವರಿಲ್ಲದ ಮಧ್ಯಾಹ್ನ ಗೋದಡಿ, ಪ್ಲೈವುಡ್, ಗಾದಿ ಎಲ್ಲ ತೆಗೆದು ಬರಿ ಸರಳಿನ ಮೇಲೆ ಎರಡು ತಾಸು ಮಲಗಿದೆ. ಎದ್ದು ಕನ್ನಡಿಗೆ ಬೆನ್ನು ಕೊಟ್ಟು ನೋಡಿದರೆ ಒಂದು ಕೆಂಪು ಗೆರೆ. ಚಹಾ ಕುದಿಯುವುದರೊಳಗೆ ಅದೂ ಅಳಿಸಿಹೋಯಿತು.

ಈ ಪತ್ರವನ್ನು ನಾಳೆ ಬೆಳಿಗ್ಗೆ ನಿನ್ನ ಅಣ್ಣನಿಗೆ ನಾನೇ ಓದಿ ಹೇಳುತ್ತೇನೆ, ಒಂದು ಅಕ್ಷರವೂ ಬಿಡದೆ. ಅವರು ಹೊಡೆದರೆ ಹೊಡೆಯಲಿ, ಹೊರಗೆ ಹಾಕಿದರೆ ಹಾಕಲಿ. ಆಮೇಲೆ ಇದನ್ನು ಅವರ ಕೈಯಲ್ಲೇ ಕೊಡುತ್ತೇನೆ. ಇದು ನಿನ್ನ ಕೈಯಲ್ಲಿದ್ದರೆ ಅವರು ನಿನ್ನ ಹೊಸಿಲ ಹೊರಗೆ ನಿಂತಿದ್ದಾರೆ ಎಂದರ್ಥ. ಅವರಿಗೆ ಬಾಗಿಲು ತೆಗೆ, ವೇಣಿ. ನಾನು ಬಂದರೆ ತೆಗೆಯಬೇಡ.